ನಾಗಲಾಂಬೆ ಬಾಗಿಲು ತೆಗೆದ ವರ್ಷ

ಮೊನ್ನೆ ತುಮಕೂರಿನ ಬಟವಾಡಿಗೆ ಹೋಗಿದ್ದೆ. ಬ್ಲೌಸಿಗೆ ಲೈನಿಂಗ್ ಬಟ್ಟೆ, ಹುಕ್ಕಿನ ಡಬ್ಬಿ ತೆಗೆದುಕೊಂಡು ಸಿಟಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದ ಗಾಡಿಯವನು ಎಳನೀರು ಕೆತ್ತತೊಡಗಿದ. ಹಸಿ ಮಟ್ಟೆಯ ವಾಸನೆ ಮೂಗಿಗೆ ಬಡಿಯಿತು. "ನೀರಿಂದಾ, ಗಂಜಿದಾ ಅಕ್ಕಾ?" ಎಂದು ಅವನೇ ಕೇಳಿದ. ಬೇಡ ಎಂದೆ. "ಇಂಥಾ ಬಿಸ್ಲಲ್ಲಿ ಎಳ್ನೀರ್ ಬ್ಯಾಡ ಅಂತೀರಲ್ಲ, ಶುಗರ್ರಾ?" ಎಂದ. ಶುಗರ್ ಇದೆ, ನಿಜ. ಆದರೆ ಬೇಡ ಎಂದದ್ದು ಅದಕ್ಕಲ್ಲ. ನಾನು ಅವನ ಗಾಡಿಯ ಹಿಂದಿನ ಕಟ್ಟಡದ ಮೊದಲನೇ ಮಹಡಿ ನೋಡುತ್ತಿದ್ದೆ. ಈಗ ಅಲ್ಲಿ ಮೊಬೈಲ್ ರಿಪೇರಿ ಕಲಿಸುತ್ತೇವೆ ಎಂಬ ಬೋರ್ಡಿದೆ. ಕೆಲವು ವರ್ಷಗಳ ಹಿಂದೆ ಅಲ್ಲೊಂದು ಡಯಾಲಿಸಿಸ್ ಸೆಂಟರ್ ಇತ್ತು. ಒಂದು ಶ್ರಾವಣದಿಂದ ಶಿವರಾತ್ರಿವರೆಗೆ ಸೋಮವಾರ, ಬುಧವಾರ, ಶುಕ್ರವಾರ ನಾನು ಆ ಮೆಟ್ಟಿಲು ಹತ್ತಿದ್ದೇನೆ. ಬಾಗಿಲಿಗೇ ಒಂದು ಬೋರ್ಡು ತೂಗುಹಾಕಿದ್ದರು: ಎಳನೀರು, ಕೊಬ್ಬರಿ, ಬಾಳೆಹಣ್ಣು ಮುಟ್ಟಕೂಡದು. ಕಿಡ್ನಿ ಕೆಟ್ಟರೆ ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೂ ತೆಂಗೇ ವಿಷವಾಗುತ್ತದೆ ಎಂದು ನಾನು ಕಲಿತದ್ದು ಅಲ್ಲಿ.

ಡಯಾಲಿಸಿಸ್ ನಡೆಯುತ್ತಿದ್ದದ್ದು ನಮ್ಮಕ್ಕನಿಗೆ, ಪುಷ್ಪಕ್ಕನಿಗೆ. ಗುಬ್ಬಿಯಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದಳು. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ "ಓದೋಕೇ ಟೈಮಿಲ್ಲ" ಎನ್ನುತ್ತಿದ್ದಳು, ಅದು ಮುಕ್ಕಾಲು ಪಾಲು ನಿಜವೇ. ರಿಟೈರಾಗಿ ಇನ್ನು ಕಾಲು ಚಾಚಿ ಓದಬಹುದು ಎನ್ನುವಾಗ ಕಾಲು ಊದಿಕೊಂಡಿತು. ಬಿ.ಪಿ. ಎಂದರು, ಆಮೇಲೆ ಕಿಡ್ನಿ ಎಂದರು, ಆಮೇಲೆ ಎರಡೂ ಹೋಗಿವೆ ಎಂದರು. ಗುಬ್ಬಿಯಿಂದ ವಾರಕ್ಕೆ ಮೂರು ಸಲ ಓಡಾಡುವ ಶಕ್ತಿ ಇರಲಿಲ್ಲವಾದ್ದರಿಂದ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಕರೆದುಕೊಂಡು ಬಂದೆ. ಬರುವಾಗ ಒಂದು ಸೂಟ್‌ಕೇಸಿನಲ್ಲಿ ಸೀರೆಗಳಿದ್ದವು. ಬಟ್ಟೆಯ ಚೀಲವೊಂದರಲ್ಲಿ ಐದು ದಪ್ಪ ಪುಸ್ತಕಗಳಿದ್ದವು. ಆ ಚೀಲವನ್ನು ಮಾತ್ರ ಆಟೋದವನ ಕೈಗೆ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಪುಸ್ತಕದ ವಿಷಯಕ್ಕೆ ನಮ್ಮಿಬ್ಬರಿಗೂ ಚಿಕ್ಕಂದಿನಿಂದ ಎಣ್ಣೆ ಸೀಗೇಕಾಯಿ. ನಾನು ಬಿಡಿ ಕಾದಂಬರಿಯ ಪೈಕಿ. ಬೆಳಿಗ್ಗೆ ಹಿಡಿದರೆ ಸಂಜೆಗೆ ಮುಗಿಯಬೇಕು, ಯಾರು ಸತ್ತರು ಯಾರು ಉಳಿದರು ಗೊತ್ತಾಗಬೇಕು, ಪುಸ್ತಕ ವಾಪಸು ಕೊಟ್ಟು ಕೈ ತೊಳೆದುಕೊಳ್ಳಬೇಕು. ಬ್ಲೌಸ್ ಹೊಲಿದು ಹುಕ್ಕು ಹಾಕಿ ಮಡಿಸಿಟ್ಟ ಹಾಗೆ. ಅಕ್ಕನಿಗೆ ಅದು ಆಗದು. ಅವಳಿಗೆ ವಾರವಾರ ಬರುವ ಧಾರಾವಾಹಿ ಬೇಕು, ಭಾಗ ಒಂದು, ಭಾಗ ಎರಡು ಎಂದು ಸಾಲಾಗಿ ನಿಲ್ಲುವ ಪುಸ್ತಕ ಬೇಕು. "ಬಿಡಿ ಪುಸ್ತಕ ಅಂದ್ರೆ ಮದುವೆಗೆ ಬಂದ ನೆಂಟ್ರು ಕಣೇ ಲತಾ. ಉಂಡು ಎಲೆ ಅಡಿಕೆ ಹಾಕ್ಕೊಂಡು ಹೊರಟೋಗ್ತಾರೆ. ಸೀರೀಸ್ ಅಂದ್ರೆ ಮನೇಲಿರೋರು" ಎನ್ನುತ್ತಿದ್ದಳು. ಮನೆಯಲ್ಲಿರುವವರ ಕಾಟ ಏನೆಂದು ಮದುವೆಯಾದವರನ್ನು ಕೇಳು ಎಂದು ನಾನು ಅನ್ನುತ್ತಿದ್ದೆ. ಈ ಜಗಳ ಐವತ್ತು ದಾಟಿದ ಮೇಲೂ ನಡೆದೇ ಇತ್ತು.

ಆ ಐದು ಪುಸ್ತಕ ಒಂದೇ ಮನೆತನದ ಕತೆ. ನಾಗಲಾಂಬೆ ಎನ್ನುವವಳು ಮೊದಲನೆಯ ಭಾಗದಲ್ಲಿ ಆ ಮನೆಗೆ ಸೊಸೆಯಾಗಿ ಬರುತ್ತಾಳೆ. ಭಾಗ ಮುಂದೆ ಹೋದಂತೆ ಅವಳಿಗೂ ವಯಸ್ಸಾಗುತ್ತದೆ. ಅಕ್ಕ ಅದನ್ನು ಹಿಂದೆಯೇ ಓದಿದ್ದಳು. "ಮರ್ತೋಗಿದೆ, ಮತ್ತೆ ಓದು" ಎಂದಳು. ಡಯಾಲಿಸಿಸ್‌ಗೆ ಕೈಗೆ ಎರಡು ದಪ್ಪ ಸೂಜಿ ಚುಚ್ಚಿ ನಾಲ್ಕು ಗಂಟೆ ಅಲ್ಲಾಡದಂತೆ ಮಲಗಿಸುತ್ತಾರೆ. ಪುಸ್ತಕ ಹಿಡಿಯುವ ಹಾಗಿಲ್ಲ. ಓದಬೇಕಾದವಳು ನಾನು. ಐದನೆಯ ಭಾಗದ ಹಿಂದಿನ ರಕ್ಷಾಪುಟ ತಿರುವಿ ನೋಡಿದರೆ "ಆರನೆಯ ಹಾಗೂ ಕೊನೆಯ ಭಾಗ ಅಚ್ಚಿನಲ್ಲಿದೆ" ಎಂದಿತ್ತು.

"ಆರನೇದೆಲ್ಲಿ?" ಎಂದೆ.

"ಸಿಗುತ್ತೆ ಬಿಡು. ಮೊದ್ಲು ಐದು ಓದು."

ಶ್ರಾವಣದಲ್ಲಿ ಶುರು ಮಾಡಿದೆವು. ಆ ವರ್ಷ ಜಡಿಮಳೆ ಹಿಡಿದುಕೊಂಡಿತ್ತು. ಶೆಟ್ಟಿಹಳ್ಳಿಯ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಆಟೋದವರು ಸುತ್ತು ಹಾಕಿಕೊಂಡು ಬರುತ್ತಿದ್ದರು. ನಾವು ತಲುಪುವಷ್ಟರಲ್ಲಿ ಸೀರೆ ಅಂಚು ಒದ್ದೆ. ಒಳಗೆ ಏಸಿ ಚಳಿ. ಕಂಬಳಿ ಹೊದ್ದು ಮಲಗಿದವರ ಪಕ್ಕದಲ್ಲಿ ಮಿಷನ್ನುಗಳು ಗುಂಯ್ಗುಡುತ್ತಿದ್ದವು. ಗಾಜಿನಂಥ ಕೊಳವೆಯಲ್ಲಿ ರಕ್ತ ಹೋಗಿ ಬರುವುದನ್ನು ಮೊದಮೊದಲು ನನಗೆ ನೋಡಲಾಗುತ್ತಿರಲಿಲ್ಲ. ಅದಕ್ಕೇ ಪುಸ್ತಕದಲ್ಲಿ ಮುಖ ಹುದುಗಿಸಿ ಓದುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಬೇಜಾರಿಗೆ ಒಂದು ಪ್ಯಾರಾ ಹಾರಿಸಿದರೆ "ಏನೋ ಬಿಟ್ಟೆ" ಎಂದು ಕಣ್ಣು ಬಿಡದೆಯೇ ಹೇಳುತ್ತಿದ್ದಳು. ಮರೆತಿದ್ದಾಳಂತೆ ಇವಳು, ಎಂದುಕೊಂಡೆ.

ಪಕ್ಕದ ಮಂಚದವರು ಶಿವನಂಜಪ್ಪ. ಕುಣಿಗಲ್ ಕಡೆಯ ಕೊತ್ತಗೆರೆಯವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ದೊಡ್ಡ ಗಂಟಲು. ಶ್ರಾವಣ ಬಂತೆಂದರೆ ಊರ ಮಠದಲ್ಲಿ ಸಂಜೆ ಪುರಾಣ ಓದಿಸುತ್ತಿದ್ದರು. ಒಬ್ಬರು ಓದುವುದು, ಇವರು ಅರ್ಥ ಹೇಳುವುದು. ಆ ವರ್ಷ ಅದು ತಪ್ಪಿಹೋಗಿ ಇಲ್ಲಿ ಮಲಗಿದ್ದರು. ನಾನು ಅಕ್ಕನಿಗೆ ಓದುತ್ತಿದ್ದದ್ದು ಅವರ ಕಿವಿಗೂ ಬಿತ್ತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಕೇಳಿದರು.

"ಅವ್ವ, ಆ ಯಮ್ಮನ್ ಮನೇಲಿ ಅತ್ತೆ ಬೀಗ್ದ ಕೈ ಕೊಡ್ಲಿಲ್ಲ ಅಂದ್ರಲ್ಲ, ಯಾಕೆ? ಹಿಂದ್ಲ ಕತೆ ವಸಿ ಯೋಳವ್ವ."

ಹೇಳಿದೆ. ಅಂದಿನಿಂದ ಅವರೂ ಕತೆಯೊಳಗೆ ಸೇರಿದರು. ನಾನು ಪುಸ್ತಕ ತೆಗೆದಾಗ ಸೂಜಿಯಿಲ್ಲದ ಕೈಯನ್ನು ಎದೆಗಿಟ್ಟುಕೊಂಡು ಕಣ್ಣು ಮುಚ್ಚುವರು. ನಡುನಡುವೆ "ಹೌದಲ್ಲ ಮತ್ತೆ!", "ಹಂಗೇ ಆಗ್ಬೇಕು ಅವ್ನಿಗೆ!" ಎಂದು ಸೊಲ್ಲು ಸೇರಿಸುವರು. ಸೂಜಿ ಚುಚ್ಚುವ ಹುಡುಗಿ ಸವಿತ ನಾವು ಬಂದೊಡನೆ ಗೋಡೆಯ ಟೀವಿ ಆರಿಸಿಬಿಡುತ್ತಿದ್ದಳು. ಇದು ಕಾದಂಬರಿ, ಪುರಾಣವಲ್ಲ ಎಂದು ನಾನು ಶಿವನಂಜಪ್ಪನವರಿಗೆ ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. "ಒಬ್ರು ಓದಿ ನಾಕ್ ಜನ ಕೇಳುದ್ರೆ ಅದು ಪುರಾಣ್ವೇಯ. ಶುರು ಮಾಡಿದ್ಮೇಲೆ ಮಂಗ್ಳ ಮಾಡ್ದೆ ಬುಡಂಗಿಲ್ಲ. ಅರ್ಧಕ್ಕೆ ಬುಟ್ರೆ ಓದ್ದೋರ್ಗೂ ಒಳ್ಳೇದಲ್ಲ, ಕೇಳ್ದೋರ್ಗೂ ಒಳ್ಳೇದಲ್ಲ" ಎಂದರು. ಅಕ್ಕ ನಕ್ಕಳು. "ಇದಕ್ಕೆ ಮಂಗಳ ದೂರ ಇದೆ ಯಜಮಾನ್ರೇ" ಎಂದಳು.

ಗೌರಿ ಹಬ್ಬ ಕಳೆದ ಮೇಲೆ ಕೆಟ್ಟಕಾಲ ಹಿಡಿಯಿತು. ಅಕ್ಕನ ಎಡಗೈಯಲ್ಲಿ ಸೂಜಿ ಹಾಕಲೆಂದು ಆಪರೇಷನ್ ಮಾಡಿ ಕೂಡಿಸಿದ್ದ ರಕ್ತನಾಳ ಕಟ್ಟಿಕೊಂಡಿತು. ಬಲಗೈಗೆ ಮಾಡಿದರು. ಅದು ಸರಿಹೋಗುವವರೆಗೆ ಕುತ್ತಿಗೆಗೆ ಕೊಳವೆ ಹಾಕಿದರು. ಅದಕ್ಕೆ ಸೋಂಕಾಗಿ ಚಳಿಜ್ವರ ಬಂತು. ಹಾಸಿಗೆ ಬಿಟ್ಟೆದ್ದ ಮೇಲೆ ಒಂದು ಬೆಳಿಗ್ಗೆ "ನಾನಿವತ್ತು ಬರಲ್ಲ" ಎಂದಳು. ಎಷ್ಟು ಹೇಳಿದರೂ ಏಳಲಿಲ್ಲ. ಎರಡು ದಿನಕ್ಕೆ ಮುಖವೆಲ್ಲ ಊದಿ ಉಸಿರಾಟಕ್ಕೆ ಕಷ್ಟವಾಗಿ ಓಡಿಸಿಕೊಂಡು ಹೋಗಬೇಕಾಯಿತು. ಅದೇ ದಿನ ನಾನೊಂದು ಉಪಾಯ ಮಾಡಿದೆ. ಪುಸ್ತಕದ ಚೀಲವನ್ನು ಸವಿತಳ ಬೀರುವಿನಲ್ಲಿಟ್ಟು ಬಂದೆ.

"ಕತೆ ಬೇಕಾದ್ರೆ ಅಲ್ಲಿಗೇ ಬಾ. ಮನೇಲಿ ಒಂದು ಅಕ್ಷರ ಓದಲ್ಲ" ಎಂದೆ.

"ಮಕ್ಕಳಿಗೆ ಮಾಡೋದು ನಂಗೇ ಮಾಡ್ತೀಯಲ್ಲೇ" ಎಂದಳು. ಆದರೆ ಬಂದಳು. ತಪ್ಪದೆ ಬಂದಳು. ಬಿಡಿ ಕಾದಂಬರಿಯಾಗಿದ್ದರೆ ಇದು ನಡೆಯುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ವಾರಕ್ಕೊಂದು ಮುಗಿಯುತ್ತಿತ್ತು, ಹೊಸದನ್ನು ಹಿಡಿಯುವ ಮನಸ್ಸು ಆ ದೇಹಕ್ಕೆ ಎಲ್ಲಿಂದ ಬರಬೇಕು? ಸೀರೀಸನ್ನು ಆಡಿಕೊಂಡಿದ್ದಕ್ಕೆ ಒಳಗೊಳಗೇ ಅದರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ದೀಪಾವಳಿ ಹೊತ್ತಿಗೆ ನನ್ನದೊಂದು ಕಿಡ್ನಿ ಕೊಡೋಣವೆಂದು ಪರೀಕ್ಷೆಗೆ ಹೋದೆ. ರಕ್ತದ ಗುಂಪು ಹೊಂದಿತು. ನಮ್ಮನೆಯವರು ಒಪ್ಪಿದರು. ಹಬ್ಬಕ್ಕೆ ಎಣ್ಣೆ ನೀರು ಹಾಕುವಾಗ ಅಕ್ಕನ ಬೆನ್ನು ಉಜ್ಜುತ್ತಾ, ಮುಂದಿನ ದೀಪಾವಳಿಗೆ ಚೊಂಬುಗಟ್ಟಲೆ ಎಳನೀರು ಕುಡಿಯುವೆಯಂತೆ ಎಂದಿದ್ದೆ. ಆಮೇಲಿನ ಪರೀಕ್ಷೆಯಲ್ಲಿ ನನಗೇ ಗೊತ್ತಿಲ್ಲದ ಶುಗರ್ ಸಿಕ್ಕಿತು. ಅದಾಗಲೇ ನನ್ನ ಕಿಡ್ನಿಯನ್ನೂ ತಿನ್ನಲು ಶುರು ಮಾಡಿತ್ತು. ನೀವು ಕೊಡುವ ಹಾಗಿಲ್ಲ, ನಿಮ್ಮದನ್ನು ನೀವು ಕಾಪಾಡಿಕೊಂಡರೆ ಸಾಕು ಎಂದರು ಡಾಕ್ಟರು. ಕೊಡುವವರು ಬೇರೆ ಯಾರೂ ಇರಲಿಲ್ಲ. ಸರದಿಗೆ ಹೆಸರು ಬರೆಸಬಹುದು, ಆದರೆ ಈ ವಯಸ್ಸಿಗೆ, ಈ ಹೃದಯಕ್ಕೆ, ಎಂದು ಮಾತು ಅಲ್ಲಿಗೇ ನಿಲ್ಲಿಸಿದರು. ಆಟೋದಲ್ಲಿ ನಾನೇ ಅಳುತ್ತಾ ಬಂದೆ. ಅಕ್ಕ ನನ್ನ ಕೈ ಹಿಡಿದುಕೊಂಡು, "ಸಿಹಿ ಕಮ್ಮಿ ಮಾಡೇ ಇನ್ಮೇಲೆ" ಎಂದಳು, ಅಷ್ಟೆ.

ಸಂಕ್ರಾಂತಿಯ ಚಳಿಯಲ್ಲಿ ಐದನೆಯ ಭಾಗ ಕೊನೆಗೆ ಬಂತು. ನಾಗಲಾಂಬೆ ಈಗ ಮುದುಕಿ, ಮನೆಗೆ ಯಜಮಾನಿ. ಅವಳ ಗಂಡನನ್ನು ಜೈಲಿಗೆ ಕಳಿಸಿದ ಸ್ವಂತ ತಮ್ಮ ಎಷ್ಟೋ ವರ್ಷಗಳ ಮೇಲೆ ಮಳೆಯಲ್ಲಿ ನೆನೆದು ಬಂದು ಬಾಗಿಲ ಮುಂದೆ ನಿಂತು "ಅಕ್ಕಾ" ಎನ್ನುತ್ತಾನೆ. ಅವಳು ಒಳಗಿನಿಂದ ಅಗುಳಿಯ ಮೇಲೆ ಕೈಯಿಡುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ನಾನು ನಿಲ್ಲಿಸಿದಾಗ ಶಿವನಂಜಪ್ಪ ಕಣ್ಣು ಬಿಟ್ಟು, "ತೆಗುದ್ಲಾ?" ಎಂದರು. ಮುಂದಿನ ಭಾಗ ತರಬೇಕು ಎಂದೆ. "ಬೇಗ್ ತತ್ತವ್ವ. ನನ್ನ ಗುಂಡಿಗೆ ಸರಿಗಿಲ್ಲ ಅಂತಾವ್ರೆ ಡಾಕುಟ್ರು. ಬಾಗ್ಲತ್ರ ನಿಲ್ಸಿ ಹೋಗ್ಬ್ಯಾಡ ನನ್ನ" ಎಂದರು. ನಗುತ್ತಲೇ ಹೇಳಿದರು, ಆದರೆ ನಗೆಯಲ್ಲಿ ಉಸಿರಿರಲಿಲ್ಲ.

ತುಮಕೂರಿನ ಪುಸ್ತಕದಂಗಡಿಗಳಲ್ಲಿ ಕೇಳಿದೆ. ಗುಬ್ಬಿಯ ಲೈಬ್ರರಿಗೆ ಹೋಗಿ ಹುಡುಕಿದೆ. ಕೊನೆಗೆ ಪ್ರಕಾಶಕರ ನಂಬರು ಹುಡುಕಿ ಫೋನ್ ಮಾಡಿದೆ. "ಆ ಭಾಗ ಬರ್ಲೇ ಇಲ್ಲ ಮೇಡಂ. ಬರೆಯೋರು ಅಷ್ಟರಲ್ಲೇ ತೀರ್ಕೊಂಡ್ರು. ಬರೀತೀನಿ ಅಂದಿದ್ರು, ಅದಕ್ಕೆ ನಾವು ಅಚ್ಚಿನಲ್ಲಿದೆ ಅಂತ ಹಾಕಿದ್ವಿ" ಎಂದಿತು ಆ ಕಡೆಯ ದನಿ. ನಾನು ಫೋನಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಲೆಕ್ಕ ಹಾಕಿದೆ. ಕತೆಯಿಲ್ಲ ಎಂದರೆ ಅಕ್ಕ ಬರುವುದಿಲ್ಲ. ಬರದಿದ್ದರೆ ಉಳಿಯುವುದಿಲ್ಲ. ನನ್ನ ಬಳಿ ಇದ್ದದ್ದು ನಾನು ಇಷ್ಟಪಟ್ಟು ಇಟ್ಟುಕೊಂಡಿದ್ದ ಒಂದು ಬಿಡಿ ಕಾದಂಬರಿ. ಅದರಲ್ಲೂ ಒಬ್ಬ ಮುದುಕಿ ಇದ್ದಳು, ದೊಡ್ಡ ಮನೆಯಿತ್ತು, ದೂರವಾದ ತಮ್ಮನಿದ್ದ. ಪೆನ್ಸಿಲ್ ತೆಗೆದುಕೊಂಡು ಹೆಸರುಗಳನ್ನೆಲ್ಲ ಹೊಡೆದುಹಾಕಿ ಮೇಲೆ ನಾಗಲಾಂಬೆಯ ಮನೆಯವರ ಹೆಸರು ಬರೆದೆ. ಊರು ಬದಲಿಸಿದೆ. ರೈಲು ಬರುವಲ್ಲಿ ಗಾಡಿ ಮಾಡಿದೆ. ಹಳೆಯ ಸೀರೆ ಬಿಚ್ಚಿ ಚೂಡಿದಾರ್ ಹೊಲಿದುಕೊಡುವವಳಿಗೆ ಇದೇನು ದೊಡ್ಡ ಕೆಲಸವಲ್ಲ. ರಕ್ಷಾಪುಟಕ್ಕೆ ಕ್ಯಾಲೆಂಡರ್ ಹಾಳೆ ಸುತ್ತಿ, "ಆರನೇದು ಸಿಕ್ತು ಕಣೇ" ಎಂದೆ.

ಅಕ್ಕ ಪುಸ್ತಕವನ್ನೂ ನನ್ನನ್ನೂ ನೋಡಿದಳು. "ಹೌದಾ? ಓದು" ಎಂದಳು.

ನನ್ನ ಕಾದಂಬರಿಯ ಮುದುಕಿ ಮೆತ್ತಗಿನವಳು, ಮಾತುಮಾತಿಗೆ ಕಣ್ಣೀರು ಹಾಕುವವಳು. ಬಾಗಿಲು ತೆಗೆದಳು, ತಮ್ಮನ ತಲೆ ಒರೆಸಿದಳು, ಬಿಸಿನೀರು ಕಾಯಿಸಿದಳು. ಶಿವನಂಜಪ್ಪ ಕಣ್ಣೊರೆಸಿಕೊಂಡು, "ಒಡುಟ್ಟಿದೋನಲ್ವಾ, ತೆಗೀದೆ ಇದ್ದಾಳಾ!" ಎಂದರು. ಅಕ್ಕ ಚಾವಣಿ ನೋಡುತ್ತಿದ್ದಳು. ಒಮ್ಮೆಯೂ "ಏನೋ ಬಿಟ್ಟೆ" ಎನ್ನಲಿಲ್ಲ. ಅದೇ ನನಗೆ ಭಯ ಹುಟ್ಟಿಸುತ್ತಿತ್ತು. ಎಷ್ಟು ನಿಧಾನ ಮಾಡಿದರೂ, ಎರಡೆರಡು ಸಲ ಓದಿದರೂ, ಉಳಿದ ಪುಟಗಳು ಕಮ್ಮಿಯಾಗುತ್ತಲೇ ಹೋದವು. ಬಿಡಿ ಕಾದಂಬರಿಯ ಗುಣವೇ ಅದು. ಜೀವಮಾನವಿಡೀ ನಾನು ಹೊಗಳಿದ್ದ ಗುಣ.

ಶಿವರಾತ್ರಿ ಕಳೆದ ಸೋಮವಾರ ಕೊನೆಯ ಪುಟ ಉಳಿದಿತ್ತು. ಹಿಂದಿನ ಸಲವೇ ಶಿವನಂಜಪ್ಪನವರಿಗೆ ಅದು ಗೊತ್ತಾಗಿತ್ತು. ಕೊತ್ತಗೆರೆಯಿಂದ ಬಿಡಿ ಹೂವು, ಕರ್ಪೂರ, ಕೊಬ್ಬರಿ ಸಕ್ಕರೆ ಕಟ್ಟಿಸಿಕೊಂಡು ಬಂದಿದ್ದರು. ಸವಿತ ಕರ್ಪೂರ ಕಿತ್ತುಕೊಂಡು, "ಇಲ್ಲಿ ಬೆಂಕಿ ಹಚ್ಚಂಗಿಲ್ಲ ತಾತ, ಆಕ್ಸಿಜನ್ ಇದೆ" ಎಂದಳು. "ಹಂಗಾರೆ ಹಚ್ದಂಗೆ ಅನ್ಕಂತೀನಿ ಬುಡವ್ವ" ಎಂದರು. ನಾನು ಓದಿ ಪುಸ್ತಕ ಮುಚ್ಚಿದೆ. ಅವರು ಆ ಉಬ್ಬಸದಲ್ಲೇ ದೊಡ್ಡ ಗಂಟಲು ತೆಗೆದು ಮಂಗಳ ಹಾಡಿದರು. ಮಲಗಿದ್ದವರೆಲ್ಲ ಕೈ ಮುಗಿದರು. ಕೊಬ್ಬರಿ ಮುಟ್ಟಕೂಡದು ಎಂಬ ಬೋರ್ಡಿನ ಎದುರಿಗೇ ಸವಿತ ಉಗುರಿನಷ್ಟು ಉಗುರಿನಷ್ಟು ಕೊಬ್ಬರಿ ಮುರಿದು ಎಲ್ಲರ ನಾಲಿಗೆಗೂ ಇಟ್ಟಳು. ಅಕ್ಕ ತನ್ನ ಚೂರನ್ನು ಬಹಳ ಹೊತ್ತು ಅಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿ ಓದಿದೆ" ಎಂದಳು. ಅಷ್ಟು ದಿನಗಳಲ್ಲಿ ಅವಳು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಬುಧವಾರ ಆಟೋ ಬಂದು ಹಾರ್ನ್ ಹೊಡೆದರೂ ಅವಳು ಮಂಚದಿಂದ ಏಳಲಿಲ್ಲ. ತಲೆಯೂ ಬಾಚಿರಲಿಲ್ಲ.

"ಇನ್ ಸಾಕು ಕಣೇ ಲತಾ."

"ಏನ್ ಸಾಕು? ಏಳು. ಅಲ್ಲಿ..." ಎಂದು ಶುರು ಮಾಡಿದವಳು ನಿಲ್ಲಿಸಿದೆ. ಅಲ್ಲಿ ಏನೂ ಉಳಿದಿರಲಿಲ್ಲ.

"ಹ್ಞೂ, ಮುಗೀತಲ್ಲ" ಎಂದಳು. "ನಾಗಲಾಂಬೆ ಅಳೋ ಪೈಕಿ ಅಲ್ಲ ಕಣೇ. ಐದು ಭಾಗ ಓದೀಯ, ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ಅವಳು ಬಾಗ್ಲು ತೆಗೀತಿರ್ಲಿಲ್ಲ."

"ಗೊತ್ತಿತ್ತಾ ನಿಂಗೆ?"

"ಆರನೇದು ಬರ್ದೇ ಇಲ್ಲ ಅಂತ ಗುಬ್ಬಿಲಿದ್ದಾಗ್ಲೇ ಫೋನ್ ಮಾಡಿ ಕೇಳಿದ್ದೆ. ಗೊತ್ತಿದ್ದೇ ತಂದಿದ್ದು. ಮನೇಲಿ ಬೇರೆ ಪುಸ್ತಕ ಇರ್ಲಿಲ್ವಾ ನಂಗೆ? ಅಚ್ಚಿನಲ್ಲಿದೆ ಅಂತ ಹಾಕಿದಾರಲ್ಲ ಹಿಂದೆ, ನಂಗೆ ಅಷ್ಟು ಸಾಕಿತ್ತು. ಅದು ಮುಗಿಯೋದೇ ಇಲ್ಲ ಅಂತ ಇದ್ರೆ ಹೆಂಗೋ ಹೋಗ್ತಿರ್ತೀನಿ ಅನ್ಕೊಂಡಿದ್ದೆ."

"ಮತ್ತೆ ನಾನು ಅದನ್ನ ಓದೋಕೆ ಶುರು ಮಾಡಿದ ದಿನವೇ ಹೇಳ್ಬಾರ್ದಿತ್ತಾ?"

"ಶಿವನಂಜಪ್ಪನೋರು ಹಂಗೆ ಕೇಳ್ತಿದ್ರಲ್ಲೇ. ಅವರಿಗೆ ಮುಗೀಬೇಕಿತ್ತು. ನಂಗೆ ಮುಗೀಬಾರ್ದಿತ್ತು. ಒಂದೇ ಕತೆ ಇಬ್ರಿಗೂ ಓದಿದ್ರೆ ಯಾರಿಗೋ ಒಬ್ರಿಗೆ ಕಷ್ಟ ಬಿಡು."

ಆಟೋ ವಾಪಸು ಹೋಯಿತು. ಕತೆ ಓದಿ ಮುಗಿಸಿದ್ದರಿಂದಲೇ ಅಕ್ಕ ಹೋದಳು ಎನ್ನುವಷ್ಟು ಹುಚ್ಚಿ ನಾನಲ್ಲ. ಕೈಯಲ್ಲಿ ಸೂಜಿ ಹಾಕಲು ಜಾಗ ಉಳಿದಿರಲಿಲ್ಲ, ಹೃದಯ ಸೋತಿತ್ತು. ಡಾಕ್ಟರು ಮನೆಗೇ ಬಂದು, ನಿಲ್ಲಿಸಿದರೆ ಏನಾಗುತ್ತದೆ ಎಂದು ಅವಳ ಎದುರಿಗೇ ಬಿಡಿಸಿ ಹೇಳಿದರು. ಅವಳು ಪಾಠ ಕೇಳುವ ಮಗುವಿನ ಹಾಗೆ ತಲೆಯಾಡಿಸುತ್ತಾ ಕೇಳಿ, "ಗೊತ್ತಾಯ್ತು" ಎಂದಳು. ಅದೇ ವಾರ ಸವಿತ ಫೋನ್ ಮಾಡಿದಳು. ಶಿವನಂಜಪ್ಪನವರು ಊರಲ್ಲೇ, ಊಟಕ್ಕೆ ಕುಳಿತಲ್ಲೇ ಹೋದರಂತೆ. ಅಕ್ಕನಿಗೆ ಹೇಳಿದೆ. "ಪುಣ್ಯಾತ್ಮ. ಮಂಗಳ ಮಾಡ್ಕೊಂಡೇ ಹೋದ್ರು" ಎಂದಳು. ಯುಗಾದಿಗೆ ಮುಂಚೆಯೇ ಅವಳೂ ಹೋದಳು. ಆ ವರ್ಷ ನಮ್ಮನೆಯಲ್ಲಿ ಬೇವು ಬೆಲ್ಲ ಮಾಡಲಿಲ್ಲ. ಈಗ ನಾನು ಬಿಡಿ ಕಾದಂಬರಿಯನ್ನೂ ಪೂರ್ತಿ ಓದಲಾರೆ. ಕೊನೆ ಹತ್ತಿರ ಬಂತೆಂದರೆ ಎತ್ತಿಟ್ಟುಬಿಡುತ್ತೇನೆ. ಹಾಗೆ ಎತ್ತಿಟ್ಟ ಪುಸ್ತಕಗಳೇ ಒಂದು ಬೀರು ತುಂಬ ಇವೆ.

ಅವಳು ಹೋಗುವುದಕ್ಕೆ ಕೆಲವು ದಿನ ಮೊದಲು ನಾನೊಂದು ಕೊನೆಯ ಪ್ರಯತ್ನ ಮಾಡಿದ್ದೆ. ಮೈಯೆಲ್ಲ ಊದಿ, ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಕುಳಿತೇ ನಿದ್ದೆ ಮಾಡುತ್ತಿದ್ದ ಕಾಲ. ಹೊರಗೆ ಬಿಸಿಲು ಏರಿತ್ತು. ನಾನು ಅವಳ ಪಾದ ನೀವುತ್ತಾ, "ಆರನೇ ಭಾಗ ನಾನೇ ಬರೀತೀನಿ ಕಣೇ ಅಕ್ಕಾ. ಮುಗಿಸೋದೇ ಇಲ್ಲ. ನೀನು ಹೇಳಿದಂಗೇ ಬರೀತೀನಿ, ಆರು, ಏಳು, ಎಂಟು, ಎಷ್ಟು ಬೇಕಾದ್ರೂ. ಸೋಮವಾರ ಒಂದ್ಸಲ ಬಾ" ಎಂದೆ.

ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ಲೆಕ್ಕ ತಪ್ಪು ಮಾಡಿದಾಗ ನೋಡುತ್ತಿದ್ದಳಲ್ಲ, ಹಾಗೆಯೇ. ಆ ಊದಿದ ಮುಖದಲ್ಲೂ ನಗು ಬಂತು.

"ಬೇಡ ಬಿಡೇ. ನಿನ್ ಕೈಗೆ ಸಿಕ್ಕಿದ್ರೆ ಅವಳು ಮತ್ತೆ ಬಾಗ್ಲು ತೆಗೆದ್ಬಿಡ್ತಾಳೆ."